ಶಾಲು ಬಂತು, ನವಿಲು ಬರಲಿಲ್ಲ

ನನಗೆ ದಿನಚರಿ ಬರೆಯುವ ಚಟವಿದೆ, ಬರೆದದ್ದನ್ನು ನಂಬುವ ಧೈರ್ಯವಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ ಫಲ ಇದು. ಸಾಕ್ಷಿ ಹೇಳುವವನೇ ಆರೋಪಿಯಾಗಿದ್ದರೆ ಅವನ ಮಾತನ್ನು ಎರಡು ಸಲ ತೂಗಬೇಕೆಂದು ಮೇಷ್ಟರೊಬ್ಬರು ಹೇಳಿದ್ದರು. ಹೇಳಿದ್ದರು ಎಂದು ನೆನಪು. ಕಳೆದ ಭಾನುವಾರದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: 'ಶಾಲು ಬೇಡವೆಂದೆ. ನವಿಲನ್ನು ಸರಿಯಾದ ಹೊತ್ತಿಗೆ ಬಿಟ್ಟೆ.'

ನವಿಲು ನಿಜವಾದದ್ದಲ್ಲ. ನನ್ನ ಹೆಂಡತಿ ಸವಿತಾ ಮಧುಗಿರಿಯಲ್ಲಿ ಮಕ್ಕಳಿಗೆ ಭರತನಾಟ್ಯ ಕಲಿಸುತ್ತಾಳೆ. ಇಷ್ಟು ವರ್ಷ ಮಕ್ಕಳನ್ನು ವೇದಿಕೆ ಹತ್ತಿಸಿ ಪಕ್ಕದಲ್ಲಿ ಕೂತು ತಾಳ ಹಾಕಿದವಳು ಈ ಸಲ ತಾನೇ ಹತ್ತಿದಳು. ಅವಳು ಕುಣಿಯುವಾಗ ಹಿಂದಿನ ಬಿಳಿ ಪರದೆಯ ಮೇಲೆ ಕಂಪ್ಯೂಟರಿನಲ್ಲಿ ಬರೆಸಿದ ಚಿತ್ರಗಳೂ ಕುಣಿಯುತ್ತವೆ. ಕಾಲು ತಟ್ಟಿದರೆ ಬಂಡೆ ಬಿರಿದು ನೀರು ಚಿಮ್ಮುತ್ತದೆ, ಬಲಗೈ ಚಾಚಿದರೆ ನವಿಲು ಹಾರಿಬಂದು ಅದರ ಮೇಲೆ ಕೂರುತ್ತದೆ. ಕೂರಬೇಕಾದರೆ ಸಭೆಯ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡ ನಾನು ಒಂದು ಗುಂಡಿ ಒತ್ತಬೇಕು. ಮೂರು ತಿಂಗಳು ಅವಳು ಕುಣಿತ ಅಭ್ಯಾಸ ಮಾಡಿದಳು, ನಾನು ಒತ್ತುವುದನ್ನು. ಮುದ್ದೆ ನುಂಗುವಾಗಲೂ ನನ್ನ ಎಡಗೈ ಬೆರಳು ಸುಮ್ಮನಿರದೆ ಮೇಜನ್ನು ಒತ್ತುತ್ತಿತ್ತು. ಜಿಲ್ಲೆಯ ನೃತ್ಯೋತ್ಸವಕ್ಕೆ ಆಯ್ಕೆಯಾಗಲು ಈ ಪ್ರದರ್ಶನದ ವಿಡಿಯೊವನ್ನು ಎಲ್ಲೂ ಕತ್ತರಿಸದೆ ಕಳಿಸಬೇಕಿತ್ತು. ಅದಕ್ಕೆಂದೇ ನನ್ನ ಹಿಂದೆ ಕೋಲಿಗೆ ಒಂದು ಫೋನು ಕಟ್ಟಿದ್ದೆವು.

ನಮ್ಮ ಕಡೆ ಶಾಲು ಹೊದೆಸದೆ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ಹೊದೆಸುವವರು ಕೆಲವೊಮ್ಮೆ ಮುಗಿಯುವವರೆಗೆ ಕಾಯುವುದೂ ಇಲ್ಲ. ಸವಿತಾ ಕೈ ಚಾಚುವ ಹೊತ್ತಿಗೆ ಸಂಘಟಕ ರಂಗಪ್ಪ ನನ್ನ ಪಕ್ಕ ಬಗ್ಗಿದ. "ಏನ್ ಸಾರ್, ಇಂಗೆ ಕತ್ಲಲ್ಲಿ ಕುಂತ್ಬುಟ್ರೆ ಹೆಂಗೆ? ಕಂಪ್ಯೂಟರ್ ಕೆಲ್ಸ ಎಲ್ಲಾ ನಿಮ್ದೇ ಅಂತೆ. ಎದ್ದೇಳಿ, ಒಂದ್ ಶಾಲು ಹಾಕ್ಬುಡ್ತೀನಿ. ನಂಗೆ ಸಿರಾ ಬಸ್ಸು ಹೊಂಟೋಯ್ತದೆ."

ಆಮೇಲೆ ನೆನಪಿರುವುದು ಹಿಂದಿನ ಸಾಲಿನ ಅಜ್ಜಿಯೊಬ್ಬಳ ದನಿ ಮಾತ್ರ: "ಎಷ್ಟೊತ್ತಿಂದ ಅಂಗೇ ಕೈ ಚಾಚ್ಕೊಂಡ್ ನಿಂತವ್ಳೆ ನೋಡೇ. ಯಾರಾದ್ರೂ ಏನಾದ್ರೂ ಕೊಡ್ರವ್ವಾ ಆ ಮಗೀಗೆ!"

ಮರುದಿನ ಸವಿತಾ ಕೇಳಿದಳು, "ನವಿಲು ಎಲ್ಲಿಗೆ ಹೋಗಿತ್ತು ರೀ?" ನಾನು ದಿನಚರಿ ತೋರಿಸಿದೆ, ಅವಳು ವಿಡಿಯೊ ತೋರಿಸಿದಳು. ಪರದೆ ಖಾಲಿ. ಅವಳ ಕೈ ಚಾಚಿದ್ದು ಚಾಚಿದಂತೆಯೇ ಇದೆ, ಮುಖದಲ್ಲಿ ನವಿಲು ಬಂದೇ ಬರುತ್ತದೆಂಬ ನಗು. ಮುಂದುಗಡೆ ಅರ್ಧ ಚಿತ್ರ ತುಂಬುವ ಹಾಗೆ ಒಬ್ಬ ಮನುಷ್ಯ ಕೊರಳು ಬಗ್ಗಿಸಿ ಶಾಲು ಹೊದೆಸಿಕೊಳ್ಳುತ್ತಿದ್ದಾನೆ. ಬೇಡವೆಂದ ಲಕ್ಷಣ ಎಲ್ಲೂ ಇಲ್ಲ. ಎರಡೂ ಕೈ ಜೋಡಿಸಿದ್ದಾನೆ, ಗುಂಡಿ ಒತ್ತಬೇಕಾದ ಬೆರಳೂ ಅದರೊಳಗೇ ಇದೆ.

"ಫೋಟೋಗೆ ಬೇರೆ ತಿರುಗಿದ್ದೀರಲ್ಲ! ಜರಿ ಅಂಚು ಮೇಲೆ ಬರೋ ಹಾಗೆ ಸರಿ ಮಾಡ್ಕೊಂಡು, ಆಮೇಲೆ ಒತ್ತಿದ್ದೀರಿ."

ಪುಣ್ಯಕ್ಕೆ ಕಳಿಸಲು ಇನ್ನೂ ಸಮಯವಿದೆ. ನಾಳೆ ಅದೇ ಸಭಾಂಗಣದಲ್ಲಿ ಮತ್ತೆ ಚಿತ್ರೀಕರಣ. ಗುಂಡಿಯನ್ನು ಬೇರೆ ಯಾರಿಗಾದರೂ ವಹಿಸು ಎಂದೆ, ಬೇಡವೆನ್ನಲಿ ಎಂದು ಒಳಗೊಳಗೇ ಹಾರೈಸುತ್ತ. "ನೀವೇ ಕೂತ್ಕೊಳ್ಳಿ. ಆಸೆ ಮೊದಲೇ ತೀರಿಸಿಬಿಡ್ತೀನಿ" ಎಂದವಳು ಆ ಶಾಲನ್ನೇ ತಂದು ಹೊದೆಸಿ ಲ್ಯಾಪ್‌ಟಾಪಿನ ಮುಂದೆ ಕೂರಿಸಿದಳು. ಈ ಬಂಡೆಗಳ ಊರಿನ ಸೆಕೆಯಲ್ಲಿ ಬೆವರುತ್ತ ಇವತ್ತು ಏಳು ಸಲ ಅಭ್ಯಾಸ ಮಾಡಿದೆವು. ಏಳು ಸಲವೂ ನವಿಲು ಸರಿಯಾಗಿ ಬಂತೆಂದು ಈಗ ತಾನೇ ಬರೆದುಕೊಂಡೆ. ಶಾಲು ಚುಚ್ಚುತ್ತಿದೆ, ತೆಗೆದಿಡಬೇಕು ಎಂದೂ ಬರೆದೆ. ಬರೆದು ಅರ್ಧ ಗಂಟೆಯಾಯಿತು, ಇನ್ನೂ ತೆಗೆದಿಲ್ಲ.