ಹಣೆಗೆ ಹೊಡೆದ ಫ್ಲಾಶ್

ರಾಯದುರ್ಗದ ಯಾವ ಸ್ಟುಡಿಯೋದವನೂ ಇನ್ನು ಮುಂದೆ ನಮ್ಮ ಮನೆಯವರ ಫೋಟೋ ತೆಗೆಯಕೂಡದು ಎಂದು ಆ ಭಾನುವಾರ ಬೆಳಿಗ್ಗೆ ಘೋಷಿಸಿಬಿಟ್ಟೆ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಈ ರೇಣುಕಾಪ್ರಸಾದನಿಗೆ ಅಂಥ ಧೈರ್ಯ ಕೊಟ್ಟದ್ದು ಅಂಗೈಯಲ್ಲಿದ್ದ ಒಂದು ವಸ್ತು. ನನ್ನ ಕ್ಯಾಮೆರಾದ ಫ್ಲಾಶಿನ ಮೂತಿಗೆ ಸಿಕ್ಕಿಸುವ ಬಿಳಿ ಪ್ಲಾಸ್ಟಿಕ್ ಮುಚ್ಚಳ. ಅದರ ಹೆಸರು ಡಿಫ್ಯೂಸರ್!

"ಅದ್ಯಾಕ ಸೋಪಿನ ಡಬ್ಬಿ ಹಿಡ್ಕಂಡು ನಿಂತೀರಿ?" ಎಂದಳು ಹೆಂಡತಿ ಚಂದ್ರಕಲಾ.

"ಡಿಫ್ಯೂಸರ್ ಇದು! ಇದರಾಗ ಹಾದು ಬಂದ ಬೆಳಕು ಬೆಣ್ಣಿ ಆಗತೈತಿ!"

ಆ ಬೆಣ್ಣೆಯನ್ನು ಮೊದಲು ಹಚ್ಚಬೇಕಾಗಿದ್ದದ್ದು ನನ್ನ ನಾದಿನಿ ಸುಮಾಳ ಮುಖಕ್ಕೆ. ನಮ್ಮ ಮನೆಯಲ್ಲೇ ಇದ್ದು ಶಾಲೆಯೊಂದರಲ್ಲಿ ಪಾಠ ಹೇಳುವ ಅವಳಿಗೆ ಮಡಕಶಿರಾದಿಂದ ಸಂಬಂಧ ಬಂದಿತ್ತು. ಹುಡುಗ ಸಿದ್ದರಾಮೇಶ್, ರೇಷ್ಮೆಗೂಡಿನ ವ್ಯಾಪಾರ. ಅವನ ತಂದೆ ದೊಡ್ಡಮಲ್ಲಪ್ಪನವರು, ವಿಭೂತಿ ಧರಿಸಿದ ಫೋಟೋ ಒಂದನ್ನು ಮೊದಲು ಕಳಿಸಿ ಎಂದಿದ್ದರು. ಹಿಂದೆ ಎರಡು ಸಂಬಂಧಗಳು ಸ್ಟುಡಿಯೋದವರು ತೆಗೆದ ಫೋಟೋ ನೋಡಿದ ಮೇಲೆ ಸದ್ದಿಲ್ಲದೆ ಹಿಂದೆ ಸರಿದಿದ್ದವು. ಸಿದ್ದರಾಮೇಶನ ಫೋಟೋವನ್ನು ಸುಮಾ ದಿನಕ್ಕೆ ನಾಲ್ಕು ಸಲ ತೆಗೆದು ನೋಡುವುದನ್ನು ನಾನೇ ಕಂಡಿದ್ದೆ. ಇದೂ ತಪ್ಪಿಹೋದರೆ ಅವಳ ಮುಂದೆ ನಿಲ್ಲುವ ಶಕ್ತಿ ನನಗಿರಲಿಲ್ಲ.

ಮೊದಲು ಪರೀಕ್ಷೆ. ಮುಚ್ಚಳವಿಲ್ಲದೆ ಒಂದು, ಮುಚ್ಚಳ ಹಾಕಿ ಒಂದು.

"ಎರಡೂ ಒಂದೇ ಐತಲ್ಲ ಭಾವಾ!" ಎಂದಳು ಸುಮಾ. "ಗೋಡಿ ಮ್ಯಾಲೆ ನನ್ನ ನೆರಳು ಹಂಗೇ ಕರ್ರಗೈತಿ."

"ಅಂಗೈಯಷ್ಟು ದೀಪಕ್ಕ ಅಂಗೈಯಷ್ಟೇ ಮುಚ್ಚಳ ಹಾಕಿದ್ರ ದೀಪ ದೊಡ್ಡದಾಗತೈತೇನ್ರಿ?" ಎಂದಳು ಚಂದ್ರಕಲಾ. "ಬಾಗಲಿಗೆ ಬಿಳೀ ಪಂಚೆ ಕಟ್ಟಿ ಅದರ ಮುಂದ ಕೂಡಿಸ್ರಿ ಅಕೀನ್ನ."

ಪಂಚೆ! ನನ್ನಂಥ ಕಲಾವಿದನಿಗೆ ಪಂಚೆಯ ಬೆಳಕು! "ನಿನಗ ಡಿಫ್ಯೂಸರ್ ಅಂದ್ರ ಏನು ಗೊತ್ತು?" ಎಂದು ಗುಡುಗಿದೆ.

"ಗೊತ್ತಿಲ್ಲ. ಫ್ಯೂಸ್ ಎಲ್ಲಿ ಹೋಗೇತಿ ಅನ್ನೋದು ಮಾತ್ರ ಗೊತ್ತಾತು," ಎಂದು ಅವಳು ಅಡುಗೆಮನೆಗೆ ನಡೆದಳು.

ಆ ಮುಚ್ಚಳ ಬೆಳಕನ್ನು ಬೆಣ್ಣೆ ಮಾಡುವುದಿರಲಿ, ಅರ್ಧ ಬೆಳಕನ್ನೇ ನುಂಗುತ್ತಿತ್ತು. ನಾನು ಫ್ಲಾಶಿನ ಶಕ್ತಿಯನ್ನು ತುದಿಗೆ ಏರಿಸಿ, ಸುಮಾಳ ಮುಖದ ಹತ್ತಿರಕ್ಕೇ ಹೋಗಿ ಗುಂಡಿ ಒತ್ತಿದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ದೇವಕನ್ಯೆ ಕಂಡಳು! ಹೆಂಡತಿಯ ತಪಾಸಣೆ ಆಗುವ ಮೊದಲೇ ಫೋನಿಗೆ ಇಳಿಸಿ ದೊಡ್ಡಮಲ್ಲಪ್ಪನವರಿಗೆ ಕಳಿಸಿದೆ.

ಐದೇ ನಿಮಿಷದಲ್ಲಿ ಅವರ ಫೋನ್ ಬಂತು. "ಮೇಷ್ಟ್ರೇ, ಹುಡ್ಗಿ ಹಣೆಗೆ ಏನಾಗೈತೆ? ಇಷ್ಟಗಲ ಬ್ಯಾಂಡೇಜು ಸುತ್ತವ್ರಲ್ಲ?"

ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಸುಮಾ ಭಕ್ತಿಯಿಂದ ಎಳೆದುಕೊಂಡಿದ್ದ ಮೂರು ವಿಭೂತಿ ಗೆರೆಗಳೂ ಫ್ಲಾಶಿನ ಹೊಡೆತಕ್ಕೆ ಒಂದಾಗಿ, ಈ ಕಿವಿಯಿಂದ ಆ ಕಿವಿಯವರೆಗೆ ಬಿಳೀ ಪಟ್ಟಿಯಾಗಿದ್ದವು.

"ಗಾಯ ಅಲ್ರಿ ಅದು! ಫ್ಲಾಶ್ ಹೊಡೆದದ್ದು ಸ್ವಲ್ಪ ಜೋರಾತು..."

ಫೋನಿನ ಗರಗರದಲ್ಲಿ ಫ್ಲಾಶ್ ಹಾರಿಹೋಗಿ, ಹೊಡೆದದ್ದು ಮಾತ್ರ ಮಡಕಶಿರಾ ತಲುಪಿತು.

"ಹೊಡುದ್ರಾ? ಯಾರು?"

"ನಾನೇ ರೀ! ಮುಚ್ಚಳದಿಂದ ಏನೂ ಆಗಂಗಿಲ್ಲ ಅಂತ ತಿಳ್ಕಂಡು ಪೂರ್ತಿ ಶಕ್ತಿ ಹಾಕಿ ಹೊಡೆದೆ..."

"ಮುಚ್ಚಳದಾಗೆ ಹೊಡುದ್ರಾ? ವಯಸ್ಸಿಗೆ ಬಂದ ಹೆಣ್ಣುಡ್ಗೀನ? ಇರಿ ಮೇಷ್ಟ್ರೇ, ನಾವೇ ಬತ್ತೀವಿ!"

ಫೋನ್ ಇಟ್ಟರು. ಹನ್ನೊಂದು ಸಲ ಮಾಡಿದೆ, ಎತ್ತಲಿಲ್ಲ. ಚಂದ್ರಕಲಾಗೆ ವಿಷಯ ಹೇಳಿದೆ. ಅವಳು ನನ್ನ ಪಂಚೆಯೊಂದನ್ನು ತಂದು ಬಾಗಿಲಿಗೆ ಅಡ್ಡ ಕಟ್ಟಿದಳು. ಸುಮಾ ಮಾತ್ರ ಒಳಗಿನ ಕೋಣೆ ಸೇರಿ ಹೊರಗೆ ಬರಲಿಲ್ಲ. ಮಧ್ಯಾಹ್ನದವರೆಗೆ ನಾನು ಓಣಿಯ ತುದಿಗೂ ಮನೆಗೂ ತಿರುಗಾಡಿದೆ. ಪ್ರತಿಯೊಂದು ಕಾರಿನ ಸದ್ದಿಗೂ ತಿರುಗಿ ನೋಡಿದೆ.

ಮೂರರ ಸುಮಾರಿಗೆ ಬಂದೇಬಿಟ್ಟರು. ನಾವು ಕೊಟ್ಟ ನೀರನ್ನೂ ಮುಟ್ಟದೆ ದೊಡ್ಡಮಲ್ಲಪ್ಪನವರು ನನ್ನನ್ನು ಕೆಕ್ಕರಿಸಿ ನೋಡಿದರು. ಹಿಂದೆ ನಿಂತಿದ್ದ ಸಿದ್ದರಾಮೇಶನ ಒಂದು ಕೈಯಲ್ಲಿ ಎಳನೀರು, ಇನ್ನೊಂದರಲ್ಲಿ ಮೆಡಿಕಲ್ ಶಾಪಿನ ಪೊಟ್ಟಣ. ಚಂದ್ರಕಲಾ ತಂಗಿಯನ್ನು ಕರೆತಂದು ಬಾಗಿಲ ಬಳಿ ಕೂಡಿಸಿದಳು. ಪಂಚೆಯಲ್ಲಿ ಸೋಸಿ ಬಂದ ಬಿಸಿಲಿನಲ್ಲಿ ಹಣೆಯ ಮೂರು ಗೆರೆಗಳೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಹುಡುಗಿಯೂ ನಿಜಕ್ಕೂ ಚೆಂದ ಕಾಣುತ್ತಿದ್ದಳು.

"ಹೆದ್ರಬ್ಯಾಡ ಕಣಮ್ಮ. ಯಾರು ಹೊಡುದ್ರು ಹೇಳು," ಎಂದರು ದೊಡ್ಡಮಲ್ಲಪ್ಪನವರು.

ಸುಮಾ ನನ್ನ ಕಡೆ ಬೆರಳು ಮಾಡಿದಳು. "ಭಾವ. ಕ್ಯಾಮೆರಾದಾಗ."

ದೊಡ್ಡಮಲ್ಲಪ್ಪನವರು ಫೋನ್ ತೆಗೆದು ಫೋಟೋ ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಆಮೇಲೆ ಅವರು ನಕ್ಕ ನಗೆಗೆ ಪಕ್ಕದ ಮನೆಯವರು ಕಿಟಕಿ ತೆರೆದರು!

"ಗಾಯ ಮಾಯ್ತೈತೆ ಬಿಡಪ್ಪ, ನಂಗೆ ಹುಡ್ಗಿ ಒಪ್ಪಿಗೆ ಅಂತ ದಾರಿಯುದ್ದಕ್ಕೂ ಅಂದವ್ನೆ ನನ್ ಮಗ," ಎಂದರು ಕಣ್ಣೊರೆಸಿಕೊಳ್ಳುತ್ತ. ಸಿದ್ದರಾಮೇಶ್ ಮುಲಾಮಿನ ಪೊಟ್ಟಣವನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯದೆ ಒದ್ದಾಡುತ್ತಿದ್ದ. ನನಗೆ ಹೋದ ಜೀವ ಬಂದಂತಾಯಿತು.

"ನೀ ಏನಂತೀಯ?" ಎಂದು ಚಂದ್ರಕಲಾ ತಂಗಿಯ ಕಿವಿಯಲ್ಲಿ ಕೇಳಿದಳು.

ಸುಮಾ ಎಲ್ಲರಿಗೂ ಕೇಳುವಂತೆಯೇ ಹೇಳಿದಳು: "ಭಾವ ತೆಗೆದ ಫೋಟೋ ನೋಡಿನೂ ಬಂದಾರಂದ್ರ, ಇವ್ರು ಇನ್ನ ಯಾವುದಕ್ಕೂ ನನ್ನ ಬಿಟ್ಟು ಓಡಂಗಿಲ್ಲ. ಹ್ಞೂಂ ಅನ್ನಕ್ಕಾ!"