ಹಿತ್ತಾಳೆಯ ನಾಲ್ಕನೇ ಸ್ಕ್ರೂ

ತಪ್ಪು ಒಪ್ಪಿಕೊಳ್ಳುವುದಕ್ಕೂ ಒಂದು ಮುಹೂರ್ತವಿದೆ ಎಂಬುದು ನನ್ನ ನಂಬಿಕೆ. ನನ್ನ ವಿಷಯದಲ್ಲಿ ಅದು ಯಾವಾಗಲೂ ಅರ್ಧ ಗಂಟೆ ಹಿಂದೆಯೇ ಮುಗಿದುಹೋಗಿರುತ್ತದೆ. ಹದಿನೈದು ದಿನದಿಂದ ನಮ್ಮ ನ್ಯೂ ಟೌನ್ ಮನೆಯ ಫ್ರಿಜ್ ಗಡಗಡ ಅನ್ನುತ್ತಿತ್ತು. "ನಿಮಾಯಿ ಬಾಬುನ ಕರೀರಿ ಅಂದ್ರೆ ಯಾಕೆ ಹೀಗೆ ಮುಖ ತಿರುಗಿಸ್ತೀರಿ?" ಎಂದು ಹೆಂಡತಿ ಸುಧಾ ದಿನಾ ಕೇಳುತ್ತಿದ್ದಳು. ಯಾಕೆಂದು ನಿಮಗೆ ಹೇಳುತ್ತೇನೆ. ಅವಳಿಗೆ ಮಾತ್ರ ಹೇಳಬೇಡಿ.

ನಾನು ಮೈಸೂರಿನವನು, ಮೆಕ್ಯಾನಿಕಲ್ ಎಂಜಿನಿಯರ್. ಈ ಬಂಗಾಳಿ ಊರಿನ ಒಂದು ಸಂಸ್ಥೆಯಲ್ಲಿ ಕ್ವಾಂಟಮ್ ಕಂಪ್ಯೂಟರಿನ ಚಿಪ್ಪನ್ನು ಸುಧಾರಿಸುವ ತಂಡದಲ್ಲಿದ್ದೇನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಲೋಹಶಾಸ್ತ್ರದವರೆಲ್ಲ ಒಂದೇ ಮೇಜಿಗೆ ಕೂರುವ ಸಂಶೋಧನೆ ಇದು. ಗೆದ್ದರೆ ಎಲ್ಲ ವಿಭಾಗಗಳದ್ದು, ಸೋತರೆ ಪಕ್ಕದ ವಿಭಾಗದ್ದು. ಆ ಚಿಪ್ಪಿಗೆ ಮರೆವು ವಿಪರೀತ. ಕೊಟ್ಟದ್ದನ್ನು ಕಣ್ಣು ಮಿಟುಕಿಸುವಷ್ಟು ಹೊತ್ತೂ ನೆನಪಿಟ್ಟುಕೊಳ್ಳುವುದಿಲ್ಲ. ಆ ನೆನಪನ್ನು ಕೊಂಚ ಉದ್ದ ಮಾಡಲು ನಾವು ಇಷ್ಟು ಜನ ಒದ್ದಾಡುತ್ತೇವೆ. ಅದಕ್ಕೆ ಭಯಂಕರ ಚಳಿ ಬೇಕು, ಹತ್ತಿರದಲ್ಲಿ ಅಯಸ್ಕಾಂತ ಹಿಡಿಯುವ ಲೋಹ ಇರಲೇಬಾರದು. ಚಿಪ್ಪನ್ನು ಚಳಿಯಲ್ಲಿಡುವ ಯಂತ್ರ ಒಮ್ಮೆ ಮುಚ್ಚಿದರೆ ತಣಿಯಲು ಕೆಲವು ದಿನ, ಮತ್ತೆ ತೆರೆಯಲು ಕೆಲವು ದಿನ.

ಆ ಯಂತ್ರವನ್ನು ನೋಡಿಕೊಳ್ಳುತ್ತಿದ್ದವರೇ ನಿಮಾಯಿ ಬಾಬು. ಬಂದರಿನ ಪಕ್ಕದ ಗಾರ್ಡನ್ ರೀಚ್ ಕಡೆಯವರು, ಹಡಗುಗಳ ಶೈತ್ಯಯಂತ್ರ ರಿಪೇರಿ ಮಾಡಿ ಕೈ ಪಳಗಿಸಿದವರು. ನಮ್ಮಲ್ಲಿ ಗುತ್ತಿಗೆ ನೌಕರ, ಯಾವ ವಿಭಾಗಕ್ಕೂ ಸೇರಿದವರಲ್ಲ. ಮನೆಗೂ ಬಂದುಹೋಗುತ್ತಿದ್ದರು; ನನಗೆ ದಾದಾ, ಅಂದರೆ ಅಣ್ಣ, ಸುಧಾಳಿಗೆ ಬೌದಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು. ಚಿಪ್ಪಿನ ಪೆಟ್ಟಿಗೆಗೆ ಹಾಕುವ ಪ್ರತಿ ಸ್ಕ್ರೂವನ್ನೂ ದಾರಕ್ಕೆ ಕಟ್ಟಿದ ಪುಟ್ಟ ಅಯಸ್ಕಾಂತಕ್ಕೆ ಮುಟ್ಟಿಸಿ ನೋಡುವುದು ಅವರ ಪದ್ಧತಿ. ಆ ದಿನ ಅವರು ಊಟಕ್ಕೆ ಹೋಗಿದ್ದರು. ನಾಲ್ಕು ಹಿತ್ತಾಳೆ ಸ್ಕ್ರೂಗಳಲ್ಲಿ ಒಂದು ನನ್ನ ಕೈಜಾರಿ ಬೀರುವಿನ ಅಡಿಗೆ ಉರುಳಿತು. ಬಗ್ಗಿದರೆ ನನಗೆ ಸೊಂಟ ಹಿಡಿಯುತ್ತದೆ. ಡ್ರಾಯರಿನಲ್ಲಿದ್ದ ಉಕ್ಕಿನದೊಂದನ್ನು ಹಾಕಿ ಮುಚ್ಚಳ ಕೂರಿಸಿದೆ. ಒಂದು ಸ್ಕ್ರೂ ಏನು ಮಹಾ ಮಾಡೀತು ಅಂದುಕೊಂಡೆ. ನಿಮಾಯಿ ಬಾಬು ಬಂದು, "ದಾದಾ, ಮುಚ್ಚಳ ತೆಗೆದು ಒಂದ್ಸಲ ನೋಡ್ಲಾ?" ಅಂದರು. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂದೆ. ಅವರು ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡರು.

ಚಿಪ್ಪು ಹಿಂದೆಂದಿಗಿಂತ ಬೇಗ ಮರೆಯಿತು. ಯಂತ್ರ ತೆರೆದಾಗ ಆ ಸ್ಕ್ರೂವನ್ನು ಯಾರಿಗೂ ಕಾಣದಂತೆ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡೆ. ಸಭೆಯಲ್ಲಿ ಭೌತಶಾಸ್ತ್ರದವರು ತಪ್ಪನ್ನು ಲೋಹದ ಮೇಲೆ, ಲೋಹದವರು ರಸಾಯನದವರ ಆಮ್ಲದ ಮೇಲೆ ಹಾಕಿದರು. ಕೊನೆಗೆ ಮುಖ್ಯಸ್ಥರು, "ಅಯಸ್ಕಾಂತದ ಪರೀಕ್ಷೆ ಆಗಿತ್ತಾ?" ಎಂದು ಕೇಳಿದರು. "ಇಲ್ಲ ಸರ್," ಅಂದರು ನಿಮಾಯಿ ಬಾಬು. ಯಾರು ತಡೆದರು ಅನ್ನಲಿಲ್ಲ, ನನ್ನನ್ನು ಒಮ್ಮೆ ನೋಡಿದರು ಅಷ್ಟೆ. ಅದೇ ಹೊತ್ತಿಗೆ ನನ್ನ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಜನ್ಮದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಏನನ್ನೂ ಹುಡುಕಿಲ್ಲ. ಅವರ ಗುತ್ತಿಗೆ ಮುಂದುವರಿಯಲಿಲ್ಲ.

ಮೊನ್ನೆ ಭಾನುವಾರ ಸುಧಾ ತಾನೇ ಫೋನ್ ಮಾಡಿ ಅವರನ್ನು ಕರೆಸಿದಳು. ಈಗ ಮನೆಮನೆ ಫ್ರಿಜ್ ರಿಪೇರಿ ಮಾಡುತ್ತಾರಂತೆ. ಸೊರಗಿದ್ದರು. ಹಿಂಬದಿಯ ತಗಡಿನದೊಂದು ಸ್ಕ್ರೂ ಬಿದ್ದುಹೋಗಿದೆ, ಮನೆಯಲ್ಲಿ ಇದೆಯೇ ಎಂದು ಕೇಳಿದರು. ಸುಧಾ ಗುಂಡಿ, ಪಿನ್ನುಗಳ ಡಬ್ಬಿ ತಂದಿಟ್ಟಳು. "ಇವರ ಜೇಬಲ್ಲಿ ಸಿಕ್ಕಿದ್ದನ್ನೆಲ್ಲ ಇದಕ್ಕೇ ಹಾಕಿಡ್ತೀನಿ," ಅಂದಳು. ನಿಮಾಯಿ ಬಾಬು ಬೆರಳಾಡಿಸಿ ಒಂದನ್ನು ಎತ್ತಿದರು. ನೋಡಿದರು. ಚೀಲದಿಂದ ದಾರದ ಅಯಸ್ಕಾಂತ ತೆಗೆದು ಮುಟ್ಟಿಸಿದರು. ಅಂಟಿಕೊಂಡಿತು. 

"ಇಲ್ಲಿಗಾದ್ರೆ ಇದು ನಡೆಯುತ್ತೆ ದಾದಾ," ಎಂದು ನನ್ನತ್ತ ನೋಡದೆ ಅದನ್ನು ಬಿಗಿದರು.

ಚಹಾ ಕೊಡುತ್ತ ಸುಧಾ, "ಇಷ್ಟು ಒಳ್ಳೆ ಕೆಲಸಗಾರರು, ನಿಮ್ಮನ್ನ ಯಾಕೆ ಬಿಟ್ಟುಬಿಟ್ರು?" ಎಂದು ಕೇಳಿದಳು.

"ಒಂದು ದಿನ ಸ್ಕ್ರೂ ನೋಡ್ಲಿಲ್ಲ, ಬೌದಿ."

ನನಗೆ ನೆಲ ಬಿರಿಯಬಾರದೇ ಅನ್ನುವಷ್ಟು ನಾಚಿಕೆಯಾಯಿತು. ಮುಹೂರ್ತ ಎದುರಿಗೇ ಕೂತು ಚಹಾ ಕುಡಿಯುತ್ತಿತ್ತು. ಬಾಯಿ ತೆರೆದೆ. "ಇನ್ನೊಂದು ಬಿಸ್ಕತ್ತು ತಗೊಳ್ಳಿ," ಅಂದೆ.

ಫ್ರಿಜ್ ಈಗ ತೆಪ್ಪಗಿದೆ. ನಾನೂ ತೆಪ್ಪಗಿದ್ದೇನೆ.