ಮುಚ್ಚಳ ಅವನದು, ತಳ ಅವಳದು

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಪಾತ್ರೆ ಅಂಗಡಿ ಇಟ್ಟವನ ಮುಂದೆ ಸುತ್ತಲಿನ ಸಂಸಾರಗಳೆಲ್ಲ ಒಂದಲ್ಲ ಒಂದು ದಿನ ಬಂದು ಸದ್ದು ಮಾಡುತ್ತವೆ. ನಾನು ಬೇಡವೆಂದರೂ ಬಿಡುವುದಿಲ್ಲ.

ನಮ್ಮ ಕಡೆ ಮದುವೆ ಪಾತ್ರೆಗೆ ಹೆಸರು ಹಾಕಿಸದೆ ಯಾರೂ ಒಯ್ಯುವುದಿಲ್ಲ. ಹೆಣ್ಣಿನ ಕಡೆಯವರು ಕೊಟ್ಟದ್ದಕ್ಕೆ ಅವರ ಹೆಸರು, ಗಂಡಿನ ಕಡೆಯವರದಕ್ಕೆ ಇವರ ಹೆಸರು. ಯಾಕೆಂದು ಕೇಳಿದರೆ "ಗುರುತಿಗೆ" ಅನ್ನುತ್ತಾರೆ. ಯಾವ ದಿನದ ಗುರುತಿಗೆ ಅನ್ನುವುದನ್ನು ಮಾತ್ರ ಮದುವೆಯ ಅಕ್ಕಿಕಾಳು ಬೀಳುವ ಮೊದಲು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲಿ ಹೇಳುವುದು ಒಂದೇ ಜೋಡಿಯ ಕಥೆ. ಅವರಿಬ್ಬರೇ ನನಗೆ ಸಾಕಾಗಿಹೋಗಿದ್ದಾರೆ.

ಕೊಳಗದ ಜಗಳ

ತೊಂಬತ್ತರ ಸುಮಾರು. ಹೆಣ್ಣು ಮಾಗಳ ಅನ್ನುವ ಊರಿನದು, ಗಂಡು ನಮ್ಮೂರಿನ ಮೆಕ್ಕೆಜೋಳದ ವ್ಯಾಪಾರಿಯ ಮಗ. ಎರಡೂ ಕಡೆಯವರು ಪಾತ್ರೆ ಆರಿಸಲು ಕೂಡಿ ಬಂದಿದ್ದರು. ಎಲ್ಲ ಸುಸೂತ್ರವಾಗಿತ್ತು, ದೊಡ್ಡ ಕೊಳಗಕ್ಕೆ ಹೆಸರು ಹಾಕುವವರೆಗೆ.

"ಗಂಡಿನ ಕಡಿ ಹೆಸರು ಮ್ಯಾಲೆ ಬರಬೇಕ್ರಿ" ಅಂದರು ಹುಡುಗನ ತಂದೆ.

"ಕೊಡಿಸೋನು ನಾನು, ಮ್ಯಾಲಿನ ಹೆಸರು ನಿಮ್ದಾ?" ಅಂದರು ಹುಡುಗಿಯ ತಂದೆ.

ಮಾತಿಗೆ ಮಾತು ಬೆಳೆಯಿತು. ಹುಡುಗನ ತಂದೆ ಎದ್ದು ಚಪ್ಪಲಿ ಮೆಟ್ಟಿದರು. "ಹಂಗಾರ ಈ ಸಂಬಂಧನ ಬ್ಯಾಡ ಬಿಡ್ರಿ!" ನನ್ನ ಕೈಯಲ್ಲಿ ಹೆಸರು ಹಾಕುವ ಮಷಿನ್ ಗುರ್ ಅನ್ನುತ್ತಲೇ ಇತ್ತು. ಮದುವೆ ನನ್ನ ಅಂಗಡಿಯಲ್ಲೇ ಮುರಿಯುತ್ತದಲ್ಲಪ್ಪ ಅಂದುಕೊಂಡೆ.

ಅಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದ ಹುಡುಗಿ ಬಾಯಿ ತೆರೆದಳು. "ಅಣ್ಣಾರ, ಇಬ್ರ ಹೆಸರೂ ತಳದಾಗ ಹಾಕಿಬಿಡ್ರಿ. ಒಲಿ ಮ್ಯಾಲೆ ಇಟ್ರ ನಾಕ ದಿನದಾಗ ಇಬ್ರೂ ಕರ್ರಗ ಆಕ್ಕಾರ."

ದೊಡ್ಡ ಡಬ್ಬಿ

ಮದುವೆಯಾಯಿತು. ಅತ್ತೆ-ಮಾವ ಇರುವವರೆಗೂ ಅವಳು ಸಿಟ್ಟು ಬಂದಾಗಲೆಲ್ಲ ತವರಿನ ಹೆಸರಿದ್ದ ಒಂದು ಖಾಲಿ ಡಬ್ಬಿ ಹಿಡಿದು ಮಾಗಳಕ್ಕೆ ಹೋಗಿಬಿಡುತ್ತಿದ್ದಳು. "ನಂದು ನಾನು ಒಯ್ತೀನಿ" ಅನ್ನುವುದಕ್ಕೆ ಅದು ಸಾಕ್ಷಿ. ಆದರೆ ಮಗಳನ್ನು ಬರಿಗೈಯಲ್ಲಿ ಕಳಿಸುವ ತಾಯಿ ನಮ್ಮ ಸೀಮೆಯಲ್ಲಿ ಇಲ್ಲ. ವಾರ ಕಳೆದು ಸಿಟ್ಟು ಇಳಿದು ಅವಳು ತಿರುಗಿ ಬರುವ ಹೊತ್ತಿಗೆ ಡಬ್ಬಿಯ ತುಂಬ ಶೇಂಗಾ ಹೋಳಿಗೆ ತುಂಬಿರುತ್ತಿತ್ತು.

ಒಂದು ದಿನ ಗಂಡ ಅಂಗಡಿಗೆ ಬಂದ. ಮುಖ ಗಂಟು ಹಾಕಿಕೊಂಡಿದ್ದ.

"ಸಾವ್ಕಾರ್ರ, ಇದ್ದುದ್ರಾಗ ದೊಡ್ಡ ಡಬ್ಬಿ ಕೊಡ್ರಿ. ಅವ್ರ ಅಪ್ಪನ ಹೆಸರ ಹಾಕ್ರಿ."

"ಯಾಕಪ್ಪ, ಏನು ವಿಶೇಷ?"

"ಮನ್ಯಾಗ ಜಗಳ ಆಗೋ ಹಂಗೈತಿ. ಹ್ವಾದ ಸಲದ್ದು ಎಲ್ಡ ದಿನಕ್ಕ ಖಾಲಿ ಆತ್ರಿ."

ಪಾಲು

ಇದು ನಗುವ ಮಾತಲ್ಲ. ಅವರ ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಅವನು ತನ್ನ ಅಕ್ಕನಿಗೆ ಮಾತು ಕೊಟ್ಟುಬಂದ: ಮಗಳನ್ನು ಅಕ್ಕನ ಮಗನಿಗೇ ಕೊಡುವುದು, ಹತ್ತನೇ ಕ್ಲಾಸು ಮುಗಿಯುತ್ತಲೇ ಮದುವೆ. ಹೆಂಡತಿಯನ್ನು ಕೇಳಿರಲಿಲ್ಲ.

"ಹುಡುಗಿ ಓದತಾಳ. ಮಾತು ತಿರಿಗಿ ತಗೊಳ್ರಿ" ಅಂದಳು ಅವಳು.

"ಕೊಟ್ಟ ಮಾತು ಹೆಂಗ ತಿರಿಗಿ ತಗೊಳ್ಳಲಿ?" ಅಂದ ಅವನು.

ಹಿರಿಯರು ಕೂತರು, ಬಗೆಹರಿಯಲಿಲ್ಲ. "ಹಂಗಾರ ಅವರವರ ಹೆಸರಿಂದು ಅವರವರು ತಗೊಳ್ರಿ" ಅಂದುಬಿಟ್ಟರು. ಸವೆದ ಅಕ್ಷರ ಓದಲು ನನ್ನನ್ನೇ ಕರೆಸಿದರು. ನಾನೇ ಬರೆದ ಹೆಸರುಗಳನ್ನು ನಾನೇ ಒಂದೊಂದಾಗಿ ಕೂಗಿದೆ.

ಕೊನೆಗೆ ಉಳಿದದ್ದು ಕುಕ್ಕರ್. ತಳದ ಮೇಲೆ ಅವಳ ತಂದೆಯ ಹೆಸರು. ಮೊದಲಿನ ಮುಚ್ಚಳ ಕೆಟ್ಟಾಗ ಹೊಸದು ತಂದವನು ಗಂಡ, ಅದರ ಮೇಲೆ ಅವನ ಹೆಸರು. ಕುಕ್ಕರನ್ನು ಯಾರಾದರೂ ಒಬ್ಬರಿಗೆ ಬಿಡಿ ಎಂದು ಹಿರಿಯರು ಬೇಡಿಕೊಂಡರು. ಇಬ್ಬರೂ ಜಗ್ಗಲಿಲ್ಲ.

ಅವಳು ಮಗಳನ್ನು ಕರೆದುಕೊಂಡು, ತಳವನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಅವನು ಮುಚ್ಚಳ ಹಿಡಿದು ಬಾಗಿಲಲ್ಲಿ ನಿಂತಿದ್ದ. ಆ ಹೊತ್ತಿನಲ್ಲೂ ಹಿರಿಯರೊಬ್ಬರು ನನ್ನ ಕಿವಿಯಲ್ಲಿ ಕೇಳಿದರು: "ಸೀಟಿ ಯಾರ ಪಾಲಿಗೆ ಬಂತ್ರಿ?"

ಹೊಂದೋದಿಲ್ಲ

ಸ್ವಲ್ಪ ದಿನಕ್ಕೆ ಅವನು ಬಂದ. "ಈ ಮುಚ್ಚಳಕ್ಕ ಬರೇ ತಳ ಸಿಗ್ತೈತೇನ್ರಿ?"

"ಬರೇ ತಳ ಯಾರೂ ಮಾರೋದಿಲ್ಲಪ್ಪ" ಅಂದೆ. ಅದು ನಿಜ.

ಸಂತೆಯ ದಿನ ಅವಳು ಬಂದಳು. "ಅಣ್ಣಾರ, ಮುಚ್ಚಳ ಬೇಕಿತ್ತು."

"ನಿಮ್ಮ ಕುಕ್ಕರಿಂದು ಈಗ ಬರೋದಿಲ್ಲ ತಾಯಿ" ಅಂದೆ. ಅದು ಸುಳ್ಳು. ನನ್ನ ತಲೆಯ ಮೇಲೇ ಹಗ್ಗಕ್ಕೆ ಸಾಲಾಗಿ ಮುಚ್ಚಳಗಳು ನೇತಾಡುತ್ತಿದ್ದವು. ಅವಳು ಅವುಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಅವು ಏನ್ರಿ ಮತ್ತ?"

"ಅವು ನಿಮ್ದಕ್ಕ ಹೊಂದೋದಿಲ್ಲ. ಬರೋ ಸಂತಿಗೆ ತಳ ತರ್ರಿ, ಹಚ್ಚಿ ನೋಡೋಣ."

ಅವಳು ಹೋದ ಮೇಲೆ ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ನನ್ನ ಹೆಂಡತಿ, "ಬಂದ ಗಿರಾಕಿ ಕಳಿಸೀರಲ್ಲ, ತಲಿ ಸಮ ಐತಾ?" ಎಂದು ಬೈದಳು. ನಾನು ಅವನಿಗೂ ಹೇಳಿಕಳಿಸಿದೆ: ಬರುವ ಸಂತೆಗೆ ಮುಚ್ಚಳ ತಗೊಂಡು ಬಾ.

ಇಬ್ಬರೂ ಬಂದರು. ಎದುರಾಬದುರಾ ನಿಂತರು.

"ಮದ್ಲು ನಿಮ್ಮ ಅಕ್ಕಗ ಹೇಳಿ ಬರ್ರಿ" ಅಂದಳು ಅವಳು, ತಳವನ್ನು ಎದೆಗೆ ಅವಚಿಕೊಂಡು.

ಅವನು ತಲೆ ತಗ್ಗಿಸಿದ. "ಹೇಳೀನಿ. ಕೊಡಂಗಿಲ್ಲ, ಹುಡುಗಿ ಓದ್ಲಿ ಅಂತ ಹೇಳೀನಿ. ಅಕ್ಕ ನನ್ನ ಕೂಡ ಮಾತ ಬಿಟ್ಟಾಳ."

ಅವಳು ಎದೆಗವಚಿದ್ದ ತಳವನ್ನು ಸ್ವಲ್ಪ ಕೆಳಗಿಳಿಸಿದಳು. ಆಮೇಲೆ, "ಹೇಳಿದ ಮ್ಯಾಲೆ ಕರೆಯಾಕ ಯಾಕ ಬರಲಿಲ್ಲ?"

"ಡಬ್ಬಿ ತುಂಬಿಸ್ಕ್ಯಂಡು ನೀನ ಬರ್ತಿ ಅಂತ ಕಾದೆ."

ಅವಳು ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ. ಕಣ್ಣು ಒರೆಸಿಕೊಂಡು ತಳವನ್ನು ನನ್ನ ಮುಂದೆ ಇಟ್ಟಳು. ಮುಚ್ಚಳ ಹಾಕಿದೆ. ರಬ್ಬರ್ ಒಣಗಿಹೋಗಿತ್ತು. ಅದೊಂದನ್ನು ಮಾರಿ ಇಬ್ಬರನ್ನೂ ಕಳಿಸಿದೆ.

ಆ ಹುಡುಗಿ ಓದಿದಳು, ಶಾಲೆಯಲ್ಲಿ ಟೀಚರಾದಳು, ತಾನೇ ಒಪ್ಪಿದ ಹುಡುಗನನ್ನು ಮಾಡಿಕೊಂಡಳು. ಆ ಮದುವೆಯ ಪಾತ್ರೆಗೆ ಅವಳ ಅಪ್ಪ-ಅವ್ವ ನನ್ನಲ್ಲಿಗೇ ಬಂದಿದ್ದರು.

"ಕುಕ್ಕರಿಗೆ ಯಾರ ಹೆಸರು ಹಾಕ್ಲಿ?" ಅಂದೆ.

"ತಳಕ್ಕ ನಮ್ದು, ಮುಚ್ಚಳಕ್ಕ ಬೀಗರದು" ಅಂದ ಅವನು, ಯೋಚನೆಯನ್ನೂ ಮಾಡದೆ.

ಬಾಗಿಲವರೆಗೆ ಹೋದ ಅವಳು ತಿರುಗಿ ಬಂದಳು. "ಅಣ್ಣಾರ, ನಾಳೆ ನಮ್ಮ ಹುಡುಗಿ ಬಂದು ಬರೇ ಮುಚ್ಚಳ ಕೇಳಿದ್ರ?"

"ಹೊಂದೋದಿಲ್ಲ ಅಂತೀನಿ ತಾಯಿ."

"ಅನ್ರಿ. ಆದ್ರ ಮದ್ಲು ನೇತು ಹಾಕಿದ್ದು ತಗದು ಒಳಗ ಇಡ್ರಿ. ಎಲ್ರೂ ನನ್ನಂಗ ನಂಬಿದಂಗ ಮಾಡಂಗಿಲ್ಲ."